ಶರ್ಮನ್ ಅವರ ಭಯಾನಕ ಚಿತ್ರವನ್ನೂ ಗಮನಿಸಬೇಕಿತ್ತು

ಮಾನ್ಯರೇ,

ಅಮೆರಿಕದ ಕಲಾವಿದೆ ಸಿಂಡಿ ಶರ್ಮನ್ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಲೇಖನ, 1977–80ರ ನಡುವೆ ಅವರು ತಾವೇ ಗೃಹಿಣಿ, ಕಚೇರಿ ನೌಕರೆ ಮುಂತಾದ ವೇಷ ತೊಟ್ಟು, ಯಾರೂ ತಯಾರಿಸದ ಸಿನಿಮಾಗಳ ದೃಶ್ಯಗಳೆಂಬಂತೆ ತೆಗೆದ ಕಪ್ಪು–ಬಿಳುಪು ಚಿತ್ರಗಳಲ್ಲೇ ನಿಂತುಬಿಟ್ಟಿದೆ. 1997ರಲ್ಲಿ ಅವರು ನಿರ್ದೇಶಿಸಿದ ‘ಆಫೀಸ್ ಕಿಲ್ಲರ್’ ಎಂಬ ಭಯಾನಕ ಸಿನಿಮಾದ ಬಗ್ಗೆ ಒಂದು ಮಾತಾದರೂ ಇರಬೇಕಿತ್ತು. ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತ, ಮನೆಯಲ್ಲಿ ಅಶಕ್ತ ತಾಯಿಯ ಆರೈಕೆ ಮಾಡುತ್ತ ಯಾರ ಗಮನಕ್ಕೂ ಬಾರದೆ ಉಳಿದ ಅದರ ನಾಯಕಿ ಡೊರೀನ್, ವೆಚ್ಚ ಕಡಿತದ ನೆಪದಲ್ಲಿ ಅರೆಕಾಲಿಕ ಕೆಲಸಕ್ಕೆ ಇಳಿದ ಮೇಲೆ, ಸಹೋದ್ಯೋಗಿಗಳನ್ನು ಕೊಲ್ಲತೊಡಗಿ, ಅವರ ಶವಗಳನ್ನು ನೆಲಮಾಳಿಗೆಗೆ ತಂದು ಕೂರಿಸಿಕೊಳ್ಳುತ್ತಾಳೆ. ಚೀರುತ್ತ ಓಡುವುದಷ್ಟೇ ಹೆಣ್ಣಿನ ಪಾಲು ಎಂಬ ಭಯಾನಕ ಚಿತ್ರಗಳ ರೂಢಿ ಇಲ್ಲಿ ತಿರುವುಮುರುವಾಗಿದೆ. (ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ಆ ಮಾತು ಬೇರೆ.) ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರೂ ‘ಫ್ಯಾಂಟಮ್ ಲೇಡಿ’ ಫೋಟೊ ಸರಣಿಯಲ್ಲಿ ತಾವೇ ಪಾತ್ರವಾಗಿದ್ದಾರೆ. ಇಬ್ಬರನ್ನೂ ಜೊತೆಗಿಟ್ಟು ಒಂದು ಲೇಖನ ಬರೆಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಮೈಸೂರು