ಎಂಟನೆಯ ತರಗತಿಯ ಇಂಗ್ಲಿಷ್ ಉತ್ತರಪತ್ರಿಕೆಯ ಅಂಕಗಳ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ಮನೆಗೆ ಬಂದ ಮೇಲೆ ನಿಮ್ಮಲ್ಲಿ ಹಲವರು ಒಂದೇ ಪ್ರಶ್ನೆ ಕೇಳಿದ್ದೀರಿ. ‘ಓಲ್ಡ್’ ಪದಕ್ಕೆ ‘ಏನ್ಷಂಟ್’ ಸಮಾನಾರ್ಥಕವೆಂದು ಗೈಡಿನಲ್ಲೇ ಅಚ್ಚಾಗಿರುವಾಗ, ಅಜ್ಜಿಯ ಕುರಿತ ಪ್ರಬಂಧದಲ್ಲಿ ಮಕ್ಕಳು ಅದನ್ನು ಬಳಸಿದ್ದಕ್ಕೆ ಅರ್ಧ ಅಂಕ ಕಳೆದದ್ದೇಕೆ? ಪ್ರಶ್ನೆ ನ್ಯಾಯವಾದದ್ದು. ದಿನವಿಡೀ ದುಡಿದು ಬಂದು, ರಾತ್ರಿ ಮಕ್ಕಳ ಪಕ್ಕದಲ್ಲಿ ಕುಳಿತು ಆ ಪಟ್ಟಿಯನ್ನು ಬಾಯಿಪಾಠ ಮಾಡಿಸಿದವರು ನೀವು. ಆ ಶ್ರಮವನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಆದರೂ ಅಂಕ ಕಳೆದದ್ದು ಸರಿಯೆಂದೇ ಹೇಳಬೇಕಾಗಿದೆ. ‘ಏನ್ಷಂಟ್’ ಶತಮಾನಗಳಷ್ಟು ಹಿಂದಿನದಕ್ಕೆ ಸಲ್ಲುವ ಪದ. 5ನೆಯ ಶತಮಾನದ ಹಲ್ಮಿಡಿ ಶಾಸನಕ್ಕೆ ಅದು ಒಪ್ಪುತ್ತದೆ, ಎಪ್ಪತ್ತು ದಾಟಿದ ಅಜ್ಜಿಗೆ ಹೇಳಿದರೆ ಗೇಲಿ ಮಾಡಿದಂತಾಗುತ್ತದೆ. ಅಜ್ಜಿಗೆ ‘ಎಲ್ಡರ್ಲಿ’ ಎನ್ನಬೇಕು. ಹಳತಾಗಿಯೇ ಬೆಲೆ ಏರಿದ ಕುರ್ಚಿ, ಗಡಿಯಾರಗಳಿಗೆ ‘ಆಂಟೀಕ್’, ಮೃದುತನ ಕಳೆದುಕೊಂಡ ಬ್ರೆಡ್ಡಿಗೆ ‘ಸ್ಟೇಲ್’. ‘ಓಲ್ಡ್ ಫ್ರೆಂಡ್’ ಎಂದಾಗಲಂತೂ ಹಳತಾಗಿರುವುದು ಸ್ನೇಹವೇ ಹೊರತು ಗೆಳೆಯನಲ್ಲ. ಹತ್ತು ವರ್ಷದ ಮಗುವಿಗೂ ಅಂಥ ಗೆಳೆಯನಿರಬಹುದು. ಈ ಒಂದು ಪದಕ್ಕೆ ವಿರುದ್ಧಾರ್ಥಕವೂ ಎರಡು: ಅಜ್ಜಿಯ ವಿಷಯದಲ್ಲಿ ‘ಯಂಗ್’, ಕುರ್ಚಿಯ ವಿಷಯದಲ್ಲಿ ‘ನ್ಯೂ’. ವಿರುದ್ಧಪದವೇ ಹೀಗೆ ಬದಲಾಗುವಾಗ ಸಮಾನಪದ ಎಲ್ಲ ಕಡೆಗೂ ಒಂದೇ ಆಗಿರಲು ಹೇಗೆ ಸಾಧ್ಯ?

ಇದು ಇಂಗ್ಲಿಷಿನವರ ಹಟವೆಂದು ದಯವಿಟ್ಟು ಭಾವಿಸಬೇಡಿ. ಹಳೆಯ ಅಕ್ಕಿಗೆ ನಾವು ಹೆಚ್ಚು ಹಣ ಕೊಡುತ್ತೇವೆ, ಹಳಸಿದ ಅನ್ನವನ್ನು ಚೆಲ್ಲುತ್ತೇವೆ. ಎತ್ತಿಗೆ ‘ಮುದಿ’ ಎನ್ನುವ ನಾವೇ, ಮಗು ಅಜ್ಜಿಗೆ ಆ ಮಾತು ಆಡಿದರೆ ಅಲ್ಲೇ ತಡೆದು, ‘ವಯಸ್ಸಾದವರು ಅನ್ನಬೇಕು’ ಎಂದು ತಿದ್ದುತ್ತೇವೆ. ನಮ್ಮ ಶಿಕ್ಷಕಿ ಮಾಡಿರುವುದೂ ಅದನ್ನೇ.

ಗೈಡು ತಪ್ಪೇ ಎಂದು ಕೇಳಿದ್ದೀರಿ. ತಪ್ಪೆನ್ನಲಾರೆ, ಅಪೂರ್ಣ ಎನ್ನುತ್ತೇನೆ. ವೈದ್ಯರಾಗಿದ್ದ ಪೀಟರ್ ಮಾರ್ಕ್ ರೋಜೆ 1852ರಲ್ಲಿ ಪ್ರಕಟಿಸಿದ ಪ್ರಸಿದ್ಧ ಇಂಗ್ಲಿಷ್ ಪದಕೋಶದಲ್ಲಿ ಒಂದೇ ಭಾವದ ಸುತ್ತ ಪದಗಳನ್ನು ಗುಂಪುಗೂಡಿಸಿದ್ದು, ಬರೆಯುವವರು ಅವುಗಳಲ್ಲಿ ತಕ್ಕದ್ದನ್ನು ಆರಿಸಿಕೊಳ್ಳಲೆಂದು. ಗೈಡಿನ ಪಟ್ಟಿಯಲ್ಲಿ ಪದಗಳಿವೆ, ಆರಿಸುವ ಬಗೆ ಇಲ್ಲ. ಕಳೆದ ವರ್ಷದವರೆಗೆ ಇಂಥ ಪಟ್ಟಿಗಳನ್ನು ಬಾಯಿಪಾಠ ಮಾಡಿಸಿರೆಂದು ಶಾಲೆಯೇ ಹೇಳುತ್ತಿತ್ತು. ಹಾಗಾಗಿ ಈ ಗೊಂದಲದಲ್ಲಿ ನಮ್ಮ ಪಾಲೂ ಇದೆ.

ಕಳೆದ ಅಂಕವನ್ನು ಮರಳಿ ಕೊಡುವುದಿಲ್ಲ. ಮಕ್ಕಳ ಮೇಲಿನ ಸಿಟ್ಟಿನಿಂದ ಈ ತೀರ್ಮಾನ ಮಾಡಿಲ್ಲ; ಆ ಪ್ರಬಂಧಗಳಲ್ಲಿ ಕೆಲವನ್ನು ನಾನೇ ಓದಿದ್ದೇನೆ, ಅಜ್ಜಿಯ ಮೇಲಿನ ಪ್ರೀತಿ ಸಾಲುಸಾಲಿನಲ್ಲೂ ಕಾಣುತ್ತದೆ. ಆ ಪ್ರೀತಿಗೆ ಒಪ್ಪುವ ಪದ ಮಕ್ಕಳಿಗೆ ಸಿಗಬೇಕೆಂಬುದೇ ನಮ್ಮ ಆಸೆ. ಇಷ್ಟವಿದ್ದವರು ಪ್ರಬಂಧವನ್ನು ತಿದ್ದಿ ಮತ್ತೊಮ್ಮೆ ಬರೆದು ತರಬಹುದು, ಶಿಕ್ಷಕಿ ಪ್ರತಿಯೊಂದನ್ನೂ ಓದುತ್ತಾರೆ. ಅಂಕ ಮಾತ್ರ ಮೊದಲಿನದೇ ಇರುತ್ತದೆ.

ಮನೆಯಲ್ಲಿ ಹೊಸ ಪದ ಕಲಿಸುವಾಗ ಅದನ್ನು ಬಳಸಿ ಮಗುವಿನಿಂದ ಒಂದು ವಾಕ್ಯ ಹೇಳಿಸಿ ಎಂದಷ್ಟೇ ನನ್ನ ವಿನಂತಿ.

ಬರುವ ಶನಿವಾರ ಬೆಳಿಗ್ಗೆ 10ರಿಂದ 12ರವರೆಗೆ ಶಿಕ್ಷಕಿಯೂ ನಾನೂ ಕಚೇರಿಯಲ್ಲಿ ಇರುತ್ತೇವೆ, ಉತ್ತರಪತ್ರಿಕೆಯೊಂದಿಗೆ ಬನ್ನಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ