ಅಮ್ಮಾ, ನನಗೆ ಮನೆ ಇದೆ

ಕ್ಯಾಲ್ಗರಿ, ಕೆನಡಾ
ಭಾನುವಾರ ಬೆಳಿಗ್ಗೆ

ಅಮ್ಮ, ಅಪ್ಪ ಇಬ್ಬರಿಗೂ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಜ್ಜಿ ಹೇಗಿದ್ದಾರೆ? ಗೌರಿ ಕರು ಹಾಕಿತಾ? ತಮ್ಮ, ಇದನ್ನು ಪ್ರಿಂಟ್ ತೆಗೆಸಿ ಅಮ್ಮನ ಕೈಗೇ ಕೊಡು. ಫೋನಿನಲ್ಲಿ ನೀನು ಓದಿ ಹೇಳುವುದು ಬೇಡ, ನಿನಗೆ ಬೇಕಾದ್ದನ್ನು ಮಾತ್ರ ಓದುತ್ತೀಯ.

ಅಮ್ಮಾ, ಮಿಡಿ ಉಪ್ಪಿನಕಾಯಿ ಬಂತು, ಒಂದು ಹನಿಯೂ ಸೋರಿಲ್ಲ. ಡಬ್ಬಿ ಜೊತೆ ನೀನು ಇಟ್ಟಿದ್ದ ಕಾಗದವೂ ಸಿಕ್ಕಿತು. ನಾಲ್ಕು ಪುಟ. ಮೂರನೇ ಪುಟದಲ್ಲಿ ‘ಬಾಡಿಗೆ ಕಟ್ಟಲಿಕ್ಕೆ ಆಗದಿದ್ದರೆ ಮುಚ್ಚಿಡಬೇಡ ಮಗಾ, ಬಂದುಬಿಡು, ಲಾರಿ ಮೇಲೆ ಮಲಗುವ ಗತಿ ನಿನಗೆ ಬೇಡ’ ಅಂತ ಬರೆದಿದ್ದೀಯ. ಅದನ್ನು ಓದಿ ಅಡುಗೆಮನೆಯಲ್ಲಿ ಹಾಗೇ ಕೂತುಬಿಟ್ಟೆ. ಗಾಡಿ ಮೇಲಿನ ನನ್ನ ಟೆಂಟಿನ ಒಂದು ಫೋಟೋದಿಂದ ನಿನಗೆ ಇಷ್ಟು ಸಂಕಟ ಆಗುತ್ತದೆ ಅಂತ ಗೊತ್ತಿದ್ದರೆ ಅದನ್ನು ಯಾರಿಗೂ ಕಳಿಸುತ್ತಲೇ ಇರಲಿಲ್ಲ. ಮೇಲಿನಮನೆ ದೊಡ್ಡಮ್ಮ ಅದನ್ನು ಯಾರ್ಯಾರಿಗೆ ತೋರಿಸಿದ್ದಾರೋ ಏನೋ, ಅವರಿಗೂ ಈ ಕಾಗದ ಓದಿಸು.

ನನಗೆ ಮನೆ ಇದೆ ಅಮ್ಮ. ಎರಡನೇ ಮಹಡಿ, ಒಂದು ಬೆಡ್‌ರೂಮು, ಅದೇ ಮನೆ, ನೀನು ವಿಡಿಯೋದಲ್ಲಿ ನೋಡಿದ್ದು. ಕೆಲಸವೂ ಇದೆ, ಅದೇ ಮಣ್ಣು ನೀರು ಪರೀಕ್ಷೆ ಮಾಡುವ ಕಡೆ. ಬಾಡಿಗೆ ಒಂದು ತಿಂಗಳೂ ತಪ್ಪಿಲ್ಲ. ಟೆಂಟಿನಲ್ಲಿ ಮಲಗುವುದು ರಜೆ ದಿನ ಬೆಟ್ಟಕ್ಕೆ ಹೋದಾಗ ಮಾತ್ರ.

ನಮ್ಮೂರಿಗೆ ಗೊಬ್ಬರ ತರುವ ಬೊಲೆರೊ ಪಿಕಪ್ ಇದೆಯಲ್ಲ, ನನ್ನ ಗಾಡಿ ಅದೇ ಜಾತಿ, ಸ್ವಲ್ಪ ದೊಡ್ಡದು. ಹಿಂದಿನ ತೊಟ್ಟಿಯ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿದ್ದಾರೆ. ಅದರ ಮೇಲೆ ಅಲ್ಯೂಮಿನಿಯಂ ಪೆಟ್ಟಿಗೆ. ಕೊಂಡಿ ಬಿಚ್ಚಿ ಮುಚ್ಚಳ ಎತ್ತಿದರೆ ಒಳಗಿನಿಂದ ಬಟ್ಟೆ ಬಿಚ್ಚಿಕೊಂಡು ಟೆಂಟ್ ಆಗುತ್ತದೆ. ಹಾಸಿಗೆ ಒಳಗೇ ಇರುತ್ತದೆ. ಏಣಿ ಇಟ್ಟು ಹತ್ತುವುದು. ಇಲ್ಲಿ ಎಷ್ಟೋ ಜನ ಇಟ್ಟುಕೊಂಡಿದ್ದಾರೆ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಕಡೆ ಇನ್ನೂ ಜಾಸ್ತಿ.

ಅಪ್ಪನಿಗೆ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ ನೋಡು. ಇದು ಮಾಳ. ಅಪ್ಪ ಮದುವೆಗೆ ಮುಂಚೆ ಗದ್ದೆಯಲ್ಲಿ ಮಾಳ ಹಾಕಿ ರಾತ್ರಿಯೆಲ್ಲ ಹಂದಿ ಕಾಯುತ್ತಿದ್ದರು, ತಗಡು ಬಡಿಯುತ್ತಿದ್ದರು ಅಂತ ಅಜ್ಜಿ ಎಷ್ಟು ಸಲ ಹೇಳಿಲ್ಲ? ಮನೆ ಇಲ್ಲದೆ ಅಲ್ಲಿ ಮಲಗಿದ್ದರಾ? ನೆಲದ ತಂಪು ತಾಗುವುದಿಲ್ಲ, ಹುಳಹುಪ್ಪಟೆ ಬರುವುದಿಲ್ಲ, ಮಲಗಿದಲ್ಲಿಂದಲೇ ನಾಲ್ಕೂ ಕಡೆ ಕಾಣುತ್ತದೆ. ನನ್ನದೂ ಅಷ್ಟೇ, ಗಾಲಿ ಇದೆ ಅನ್ನುವುದೊಂದೇ ವ್ಯತ್ಯಾಸ.

ಬೇಸಿಗೆಗೆ ಸರಿ, ಚಳಿಗಾಲದಲ್ಲೂ ಯಾಕೆ ಬಿಚ್ಚಿಡುವುದಿಲ್ಲ ಅಂತ ಕೇಳಿದ್ದೀಯ. ಅದರ ತೂಕ 65 ಕಿಲೋ. ಇಳಿಸಲಿಕ್ಕೆ ನಾಲ್ಕು ಜನ ಬೇಕು, ಇಳಿಸಿದ ಮೇಲೆ ಇಡಲಿಕ್ಕೆ ಕೊಟ್ಟಿಗೆ ಬೇಕು. ಎರಡೂ ನನ್ನ ಹತ್ತಿರ ಇಲ್ಲ. ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಎರಡು ಮೀಟರ್ ಎತ್ತರದ ಗಾಡಿ ಮಾತ್ರ ಹೋಗುತ್ತದೆ, ಹಾಗಾಗಿ ನನ್ನದು ವರ್ಷವಿಡೀ ಬಯಲಿನಲ್ಲೇ ನಿಂತಿರುತ್ತದೆ. ಇನ್ನೊಂದು ಕಾರಣ ಏನೆಂದರೆ ನನಗೆ ಚಳಿಗಾಲದಲ್ಲೂ ಹೋಗಲು ಇಷ್ಟ. ಬ್ಯಾನ್ಫ್ ಅನ್ನುವ ಬೆಟ್ಟದ ಊರು ಇಲ್ಲಿಂದ ಒಂದೂವರೆ ಗಂಟೆ. ಅಲ್ಲಿ ಟನಲ್ ಮೌಂಟನ್ ಅನ್ನುವ ಕಡೆ ಒಂದು ಕ್ಯಾಂಪ್ ಜಾಗ ಚಳಿಗಾಲದಲ್ಲೂ ತೆರೆದಿರುತ್ತದೆ. ಸರ್ಕಾರದ ಜಾಗ, ಹತ್ತಿರದಲ್ಲೇ ಊರು. ನಾನು ಒಬ್ಬಳೇ ಎಲ್ಲೋ ಕಾಡಿನ ನಡುವೆ ಮಲಗುತ್ತೇನೆ ಅಂದುಕೊಳ್ಳಬೇಡ. ಲ್ಯಾಬಿನ ಇಬ್ಬರು ಹುಡುಗಿಯರು ಜೊತೆಗಿರುತ್ತಾರೆ.

ಮೊದಲ ವರ್ಷ ಮಾತ್ರ ಒಂದು ತಪ್ಪು ಮಾಡಿದೆ. ಅಕ್ಟೋಬರ್ ಕೊನೆಯಲ್ಲಿ ಮಳೆ, ಹಿಮ ಎರಡೂ ಬೀಳುತ್ತಿರುವಾಗ ಒದ್ದೆ ಟೆಂಟನ್ನೇ ಮಡಚಿ ಮುಚ್ಚಳ ಹಾಕಿ ಬಂದೆ. ಆಫೀಸಿನ ಕೆಲಸದಲ್ಲಿ ಎರಡು ವಾರ ಅದರ ಕಡೆ ನೋಡಲಿಲ್ಲ. ಆಮೇಲೆ ತೆರೆದರೆ, ಅಮ್ಮಾ, ಆ ವಾಸನೆ! ಆಷಾಢದಲ್ಲಿ ನಮ್ಮ ಅಟ್ಟದ ಮೇಲಿನ ಕಂಬಳಿ ಗಂಟು ಬಿಚ್ಚಿದಾಗ ಬರುತ್ತದಲ್ಲ, ಅದೇ. ಮೂಲೆಯಲ್ಲಿ ಹೊಲಿಗೆಯ ಉದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಬೂಷ್ಟು. ವಿನೆಗರ್ ನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ಅದ್ದಿ ಇಡೀ ಮಧ್ಯಾಹ್ನ ತಿಕ್ಕಿದೆ. ಕಲೆ ಇನ್ನೂ ಇದೆ, ವಾಸನೆ ಹೋಯಿತು. ಆ ವಾಸನೆ ಹೋದ ದಿನ ನನಗೆ ಒಂದು ಥರಾ ಬೇಜಾರೇ ಆಯಿತು, ಇಲ್ಲಿ ನಮ್ಮ ಮನೆಯ ವಾಸನೆ ಇನ್ನೆಲ್ಲೂ ಸಿಕ್ಕಿಲ್ಲ.

ಆವತ್ತಿನಿಂದ ಒದ್ದೆ ಟೆಂಟು ಮುಚ್ಚಿದರೆ ಎರಡು ದಿನದೊಳಗೆ ತೆರೆದು ಒಣಗಿಸುತ್ತೇನೆ. ಚಳಿಗಾಲದಲ್ಲಿ ಒಣಗಿಸುವುದು ಹೇಗೆ ಅನ್ನುತ್ತೀಯಾ? ಇಲ್ಲಿ ಚಿನೂಕ್ ಅಂತ ಒಂದು ಗಾಳಿ ಇದೆ. ಮೋಡವೆಲ್ಲ ಬೆಟ್ಟದ ಆಚೆಯೇ ಮಳೆ, ಹಿಮ ಸುರಿಸಿಬಿಡುತ್ತದೆ. ಗಾಳಿ ಈಚೆ ಇಳಿಯುವಾಗ ಒಣಗಿ ಬಿಸಿಯಾಗಿರುತ್ತದೆ. ಘಟ್ಟದ ಮೇಲೆ ಆಗುಂಬೆಯಲ್ಲಿ ಮಳೆ ಸುರಿದು ಪೂರ್ವಕ್ಕೆ ಹೋದ ಹಾಗೆ ಕಡಿಮೆಯಾಗುತ್ತದಲ್ಲ, ಹಾಗೇ. ಬೆಳಿಗ್ಗೆ ಮೈನಸ್ 15 ಇದ್ದದ್ದು ಮಧ್ಯಾಹ್ನಕ್ಕೆ ಪ್ಲಸ್ 5 ಆಗಿರುತ್ತದೆ. ಪಶ್ಚಿಮದಲ್ಲಿ ಮೋಡ ಕಮಾನಿನ ಹಾಗೆ ನಿಂತು ಅದರ ಕೆಳಗೆ ಒಂದು ಪಟ್ಟಿ ನೀಲಿ ಆಕಾಶ ಕಂಡರೆ ಎಲ್ಲರಿಗೂ ಗೊತ್ತಾಗುತ್ತದೆ, ಚಿನೂಕ್ ಬಂತು ಅಂತ. ಮಳೆ ಹೊಳವಾದ ಕೂಡಲೇ ನೀನು ಬಟ್ಟೆ ಹಿಡಿದುಕೊಂಡು ಅಂಗಳಕ್ಕೆ ಓಡುತ್ತೀಯಲ್ಲ, ಹಾಗೆ ನಾನು ಪಾರ್ಕಿಂಗಿಗೆ ಓಡಿ ಟೆಂಟು ಬಿಚ್ಚುತ್ತೇನೆ. ಪಕ್ಕದ ಮನೆಯ ಮುದುಕರು ಈಗ ನಾನು ಬಿಚ್ಚಿದ್ದು ನೋಡಿಯೇ ಚಿನೂಕ್ ಬಂತು ಅನ್ನುತ್ತಾರೆ.

ಹಾಸಿಗೆಯನ್ನು ನವೆಂಬರಿನಲ್ಲೇ ಮನೆಯೊಳಗೆ ತರುತ್ತೇನೆ, ಹೊರಗಿಟ್ಟರೆ ಫೋಮು ಹಲಗೆಯಂತೆ ಗಟ್ಟಿಯಾಗುತ್ತದೆ, ಹೊರಡುವ ದಿನ ಮತ್ತೆ ಹಾಕುತ್ತೇನೆ. ಜಿಪ್ಪಿಗೆ ಮೇಣ ಹಚ್ಚಬೇಕು, ಇಲ್ಲದಿದ್ದರೆ ಹಿಮ ಕಟ್ಟಿ ಅಲುಗಾಡುವುದಿಲ್ಲ. ತಿಂಗಳಿಗೊಮ್ಮೆ ಕೆಳಗೆ ತೂರಿ ಎಂಟೂ ಬೋಲ್ಟು ಸ್ಪ್ಯಾನರಿನಲ್ಲಿ ನೋಡುತ್ತೇನೆ, ರಸ್ತೆಯ ಕುಲುಕಾಟಕ್ಕೆ ಸಡಿಲವಾಗುತ್ತವೆ. ಅಪ್ಪ ಪಂಪ್‌ಸೆಟ್ಟಿನ ಬುಡದ ಬೋಲ್ಟು ಬಿಗಿ ಮಾಡುವಾಗ ಟಾರ್ಚ್ ಹಿಡಿಯಲು ನನ್ನನ್ನೇ ಕರೆಯುತ್ತಿದ್ದರಲ್ಲ, ಆ ಪಾಠ ಈಗ ಬಳಕೆಗೆ ಬರುತ್ತಿದೆ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, 100 ಕಿಲೋಮೀಟರಿಗೆ ಒಂದು ಲೀಟರ್ ಹೆಚ್ಚು. ಅದು ನಿಜ, ಮುಚ್ಚಿಡುವುದಿಲ್ಲ.

ಚಳಿಯಲ್ಲಿ ಒಳಗೆ ಬೆಂಕಿ ಹಾಕಿಕೊಳ್ಳುತ್ತೀಯಾ ಅಂತ ಕೇಳಿದ್ದೀಯ. ಇಲ್ಲ. ಗ್ಯಾಸ್ ಒಲೆ, ಗ್ಯಾಸ್ ಹೀಟರ್ ಯಾವುದನ್ನೂ ಟೆಂಟಿನೊಳಗೆ ಹಚ್ಚಬಾರದು. ಅವು ಉರಿಯುವಾಗ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ನನ್ನದು ಡೀಸೆಲ್ ಹೀಟರ್. ಅದರ ಡಬ್ಬಿ ಹೊರಗೆ ಇರುತ್ತದೆ, ಹೊಗೆ ಹೊರಗೇ ಹೋಗುತ್ತದೆ, ಬಿಸಿ ಗಾಳಿ ಮಾತ್ರ ಪೈಪಿನಲ್ಲಿ ಒಳಗೆ ಬರುತ್ತದೆ. ಮೇಲಿಂದ ಆ ವಿಷಗಾಳಿ ಬಂದರೆ ಕೂಗುವ ಅಲಾರಂ ಬೇರೆ ಇಟ್ಟಿದ್ದೇನೆ. ಕಿಟಕಿಯನ್ನೂ ಎರಡು ಬೆರಳಷ್ಟು ತೆರೆದೇ ಇಡುತ್ತೇನೆ, ಇಲ್ಲದಿದ್ದರೆ ನಮ್ಮ ಉಸಿರೇ ಚಾವಣಿಯಲ್ಲಿ ಹನಿಯಾಗಿ ಕಟ್ಟುತ್ತದೆ. ಹೋದ ಜನವರಿಯಲ್ಲಿ ಒಂದು ಬೆಳಿಗ್ಗೆ ಹೀಟರ್ ಆರಿಸಿದ ಮೇಲೆ ತಲೆ ಎತ್ತಿ ನೋಡಿದರೆ ಚಾವಣಿಯ ತುಂಬ ಬಿಳಿ ಹರಳು, ರಾತ್ರಿಯ ನನ್ನ ಉಸಿರು. ಬೆರಳು ತಾಗಿಸಿದೆ, ಪುಡಿ ಉಪ್ಪಿನ ಹಾಗೆ ಮುಖದ ಮೇಲೆ ಉದುರಿತು. ನಿನ್ನನ್ನು ಕರೆದು ತೋರಿಸಬೇಕು ಅನ್ನಿಸಿತು.

ಕರಡಿ ವಿಷಯವೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಕಾಗದದಲ್ಲಿ ಕೇಳುತ್ತೀಯ. ಚಳಿಗಾಲದಲ್ಲಿ ಅವು ಮಲಗಿರುತ್ತವೆ. ಬೇಸಿಗೆಯಲ್ಲಿ ತಿನ್ನುವುದು, ಸೋಪು, ಪೇಸ್ಟು ಯಾವುದನ್ನೂ ಟೆಂಟಿನಲ್ಲಿ ಇಡುವುದಿಲ್ಲ, ಎಲ್ಲ ಗಾಡಿಯೊಳಗೆ ಬೀಗ ಹಾಕಿ. ಲೇಕ್ ಲೂಯೀಸ್‌ನಲ್ಲಿ ಟೆಂಟುಗಳಿರುವ ಜಾಗಕ್ಕೆ ಸುತ್ತ ಕರೆಂಟ್ ಬೇಲಿ ಹಾಕಿದ್ದಾರೆ, ನಾವು ತೋಟಕ್ಕೆ ಹಾಕಿದ ಐಬೆಕ್ಸ್ ಥರವೇ. ನಮ್ಮಲ್ಲಿ ಬೆಳೆಗೆ ಬೇಲಿ, ಇಲ್ಲಿ ಮನುಷ್ಯರಿಗೆ.

ಇಷ್ಟು ಬರೆದು ಕಾಫಿ ಮಾಡಲು ಎದ್ದೆ. ಲೋಟ ಅಲ್ಲೇ ಆರುತ್ತಿದೆ. ಅಸಲು ವಿಷಯ ಇನ್ನೂ ಬರೆದಿಲ್ಲ.

ಗುರುವಾರ ತಮ್ಮ ಫೋನಿನಲ್ಲಿ ಬಾಯಿ ಬಿಟ್ಟ. ಅವನನ್ನು ಬೈಯಬೇಡ, ನಾನೇ ಕೆದಕಿ ಕೇಳಿದ್ದು. ಅಪ್ಪನಿಗೆ ತೋಟದಿಂದ ಮನೆಗೆ ಹತ್ತುವಾಗ ಎದೆ ಹಿಡಿದಂತೆ ಆಗುತ್ತದಂತೆ, ಎರಡು ಸಲ ಅರ್ಧ ದಾರಿಯಲ್ಲಿ ಕೂತಿದ್ದಾರಂತೆ. ಶಿವಮೊಗ್ಗದಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಟಿಎಂಟಿ ಪರೀಕ್ಷೆ ಮಾಡಿಸಿ, ಆಂಜಿಯೋಗ್ರಾಂ ಮಾಡಿಸಬೇಕು ಅಂತ ಡಾಕ್ಟರು ಹೇಳಿ ಒಂದೂವರೆ ತಿಂಗಳಾಯಿತಂತೆ. ನಿನ್ನ ನಾಲ್ಕು ಪುಟದಲ್ಲಿ ಇದು ಒಂದು ಸಾಲೂ ಇಲ್ಲ. ‘ಅಪ್ಪ ಆರಾಮ’ ಅಂತ ಇದೆ. ಯಾಕೆ ಹೇಳಲಿಲ್ಲ ಅಂದರೆ ‘ಅಕ್ಕನೇ ಗಾಡಿ ಮೇಲೆ ಮಲಗುತ್ತಿದ್ದಾಳೆ, ಅವಳ ಹತ್ತಿರ ದುಡ್ಡು ಕೇಳುವುದು ಹೇಗೆ ಅಂತ ಅಪ್ಪನೇ ಬೇಡ ಅಂದರು’ ಅಂದ.

ಅಮ್ಮಾ, ಆ ಟೆಂಟು ಇಲ್ಲದಿದ್ದರೆ ನೀವು ನನಗೆ ಹೇಳುತ್ತಿದ್ದಿರಿ ಅಲ್ವಾ? ಗುರುವಾರದಿಂದ ಇದೊಂದೇ ತಲೆಯಲ್ಲಿ ತಿರುಗುತ್ತಿದೆ.

ದುಡ್ಡು ಇದೆ. ಸರಿಯಾಗಿ ಕೇಳು. ಆ ಟೆಂಟು ಹಳೆಯದು, 2,200 ಡಾಲರಿಗೆ ಒಂದೇ ಸಲ ಕೊಟ್ಟು ತಗೊಂಡಿದ್ದು. ಅದರ ಮೇಲೆ ಸಾಲ ಇಲ್ಲ. ನಿನ್ನೆ ತಮ್ಮನ ಖಾತೆಗೆ 3 ಲಕ್ಷ ಹಾಕಿದ್ದೇನೆ, ಮಂಗಳವಾರದೊಳಗೆ ಬರುತ್ತದೆ. ಬೇಕಾದರೆ ಇನ್ನೂ ಹಾಕುತ್ತೇನೆ. ಎಲೆಚುಕ್ಕೆ ರೋಗದಿಂದ ಈ ವರ್ಷವೂ ಅಡಿಕೆ ಫಸಲು ಕಡಿಮೆ ಅಂತ ನನಗೆ ಗೊತ್ತು. ಸೊಸೈಟಿ ಸಾಲದ ಕಂತಿಗೆ ಈ ದುಡ್ಡು ತಿರುಗಿಸಬೇಡಿ, ಅದಕ್ಕೆ ಬೇರೆ ಕಳಿಸುತ್ತೇನೆ. ಇದು ಅಪ್ಪನ ಎದೆಗೆ ಮಾತ್ರ.

ಅಪ್ಪಾ, ಇನ್ನು ಮುಂದೆ ಬರೆದದ್ದು ನಿಮಗೆ. ಅಡಿಕೆ ಕೊನೆ ಕೊಯ್ಲು ಮುಗಿಯಲಿ ಅಂದಿದ್ದೀರಂತೆ. ಕೊಯ್ಲು ಮುಗಿದ ಮೇಲೆ ಸುಲಿಯುವುದು, ಬೇಯಿಸುವುದು, ಆಮೇಲೆ ಒಣಗಬೇಕು, ಆಮೇಲೆ ಮಂಡಿಗೆ. ಅಷ್ಟು ಹೊತ್ತಿಗೆ ಶಿವರಾತ್ರಿ. ಬೇಡಪ್ಪಾ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಎಷ್ಟು ವರ್ಷದಿಂದ ನಮ್ಮ ತೋಟಕ್ಕೆ ಬರುತ್ತಿದ್ದಾನೆ, ನೀವು ಬುಡದಲ್ಲಿ ನಿಂತು ನೋಡದಿದ್ದರೂ ಅವನು ಸರಿಯಾಗಿಯೇ ಇಳಿಸುತ್ತಾನೆ. ಸುಲಿಯುವವರ ಲೆಕ್ಕ ತಮ್ಮ ಬರೆಯಲಿ. ಕೆಳಮನೆ ಚಿಕ್ಕಪ್ಪನಿಗೆ ನಾನೇ ಫೋನ್ ಮಾಡಿ ನಾಲ್ಕು ದಿನ ನೋಡಿಕೊಳ್ಳಿ ಅಂತ ಹೇಳಿದ್ದೇನೆ, ಒಪ್ಪಿದ್ದಾರೆ.

ಆಂಜಿಯೋಗ್ರಾಂ ಅಂದರೆ ಎದೆ ಕೊಯ್ಯುವುದಲ್ಲ. ಮಣಿಕಟ್ಟಿನ ಹತ್ತಿರ ಅಥವಾ ತೊಡೆಯ ಸಂದಿನಲ್ಲಿ ರಕ್ತನಾಳಕ್ಕೆ ಸಣ್ಣ ಕೊಳವೆ ತೂರಿಸಿ, ಬಣ್ಣದ ಔಷಧಿ ಬಿಟ್ಟು, ಎಲ್ಲಿ ಕಟ್ಟಿದೆ ಅಂತ ಎಕ್ಸ್‌ರೇಯಲ್ಲಿ ನೋಡುತ್ತಾರೆ. ತೋಟದ ಡ್ರಿಪ್ ಪೈಪು ಎಲ್ಲಿ ಕಟ್ಟಿಕೊಂಡಿದೆ ಅಂತ ನೀವು ಹುಡುಕುತ್ತೀರಲ್ಲ, ಆ ಕೆಲಸ. ಸಾಮಾನ್ಯವಾಗಿ ಅದೇ ದಿನವೋ ಮರುದಿನವೋ ಮನೆಗೆ ಕಳಿಸುತ್ತಾರೆ. ಕಟ್ಟಿದ ನಾಳ ತೆರೆದಿಡುವ ಸ್ಟೆಂಟ್ ಬೇಕು ಅಂದರೆ ಅದಕ್ಕೂ ಹೆದರುವುದು ಬೇಡ, 2017ರಿಂದ ಸರ್ಕಾರವೇ ಸ್ಟೆಂಟಿಗೆ ಇಷ್ಟಕ್ಕಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತ ಬೆಲೆ ಕಟ್ಟಿದೆ. ಶಿವಮೊಗ್ಗ ಬೇಡ ಅನ್ನಿಸಿದರೆ ಹುಲಿಕಲ್ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ. ಬಸ್ಸಿನಲ್ಲಿ ಬೇಡ, ಕಾರು ಮಾಡಿಕೊಳ್ಳಿ. ಬೀಡಿ ಬಿಟ್ಟಿದ್ದೇನೆ ಅಂದಿದ್ದೀರಿ, ನಂಬಿದ್ದೇನೆ. ಅಲ್ಲಿಯವರೆಗೆ ಎದೆ ನೋವು ಹತ್ತು ಹದಿನೈದು ನಿಮಿಷ ನಿಲ್ಲದೆ ಬಂದರೆ, ಬೆವರು ಬಂದರೆ, ಎಡಗೈಗೆ ಇಳಿದರೆ, ಸೋಡಾ ಕುಡಿದು ಗ್ಯಾಸ್ಟ್ರಿಕ್ ಅಂತ ಕೂರಬೇಡಿ. ಎಷ್ಟು ಹೊತ್ತಾದರೂ ಹೊರಡಿ. ತಮ್ಮ, 108ಕ್ಕೆ ಫೋನ್ ಮಾಡು, ಗಾಡಿ ತಡವಾಗುತ್ತದೆ ಅನ್ನಿಸಿದರೆ ದೊಡ್ಡಪ್ಪನ ಕಾರು ತಗೋ.

ನಾನು ಬರಬೇಕಾ? ಒಂದು ಮಾತು ಹೇಳಿ, ಬರುತ್ತೇನೆ. ರಜೆ ಕೇಳಿಟ್ಟಿದ್ದೇನೆ, 15 ದಿನ ಸಿಗುತ್ತದೆ. ಅಮ್ಮ ‘ಸುಮ್ನೆ ಖರ್ಚು’ ಅನ್ನುತ್ತಾಳೆ ಅಂತ ಗೊತ್ತು. ಟೆಂಟು ಮಾರಿಬಿಡು ಅಂತ ಅನ್ನಿಸಿದರೆ ಅದನ್ನೂ ಹೇಳಿ, ನಾಳೆಯೇ ಮಾರುತ್ತೇನೆ, ಇಲ್ಲಿ ಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅಪ್ಪ ಹುಷಾರಾಗಿ ಒಂದು ಬೇಸಿಗೆ ಇಲ್ಲಿಗೆ ಬಂದು, ಅದರಲ್ಲಿ ಒಂದು ರಾತ್ರಿ ಮಲಗಿ, ಮಾಳಕ್ಕಿಂತ ಹೇಗಿದೆ ಅಂತ ಹೇಳುವವರೆಗೆ ಇಟ್ಟುಕೊಳ್ಳೋಣ ಅಂತ ನನ್ನ ಆಸೆ. ಏಣಿಗೆ ಏಳೇ ಮೆಟ್ಟಿಲು.

ನನ್ನ ಬಗ್ಗೆ ಏನೂ ಯೋಚನೆ ಮಾಡಬೇಡಿ. ಊಟ ಸರಿಯಾಗಿ ಆಗುತ್ತಿದೆ, ನಿದ್ದೆ ಆಗುತ್ತಿದೆ, ಸ್ವೆಟರು ಇದೆ, ಶೀತವೂ ಇಲ್ಲ, ಮನೆಯಲ್ಲಿ ಹೀಟರ್ ಹಗಲೂ ರಾತ್ರಿ ಉರಿಯುತ್ತದೆ, ನಿಜವಾಗಿಯೂ ಸೆಕೆ ಆಗುತ್ತದೆ.

ಹೊರಗೆ ಹಿಮ ಶುರುವಾಯಿತು, ಮುಚ್ಚಳದ ಮೇಲಿನದ್ದು ಗಟ್ಟಿಯಾಗುವ ಮೊದಲು ಗುಡಿಸಿ ಬರಬೇಕು. ಇಲ್ಲಿ ಬೆಳಿಗ್ಗೆ ಆರಕ್ಕೆ ಎದ್ದಿರುತ್ತೇನೆ, ಅಲ್ಲಿ ಸಂಜೆ ಆರೂವರೆ. ನಾಳೆ ಆ ಹೊತ್ತಿಗೆ ಫೋನ್ ಮಾಡುತ್ತೇನೆ, ಅಷ್ಟರೊಳಗೆ ಆಸ್ಪತ್ರೆಯ ತಾರೀಖು ತೆಗೆದುಕೊಂಡಿರಬೇಕು. ತಮ್ಮ, ಟಿಎಂಟಿ ರಿಪೋರ್ಟಿನ ಫೋಟೋ ಈಗಲೇ ಕಳಿಸು, ಎಲ್ಲ ಪುಟದ್ದೂ. ಅಜ್ಜಿಗೆ ನಮಸ್ಕಾರ.

ನಿಮ್ಮ
ಮಗಳು

ಮರೆತಿದ್ದೆ, ಅಪ್ಪನ ಸಕ್ಕರೆ ಮಾತ್ರೆಯ ಚೀಟಿಯನ್ನೂ ಆಸ್ಪತ್ರೆಗೆ ತಗೊಂಡು ಹೋಗಿ.