ಖಾಲಿ ಮನೆ ಅಂದೆಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ

ಮಗಳೇ,

ಕುಪ್ಪಳಿಯ ಕವಿಮನೆ ನೋಡುವಾಗ ಪುಟ್ಟಿ 'ಈ ಮನೆಯವರೆಲ್ಲ ಎಲ್ಲಿಗೆ ಹೋದರು' ಅಂತ ಕೇಳಿದಳಂತೆ. ಅದಕ್ಕೆ ನೀನು 'ನಿಮ್ಮ ನಂತರ ನಮ್ಮನೆಯೂ ಹೀಗೇ ಖಾಲಿ ಆಗುತ್ತಾ ದೊಡ್ಡಮ್ಮ' ಅಂತ ಬರೆದಿದ್ದೀಯ. ಅದನ್ನು ಓದಿದ ಮೇಲೆ ನಿದ್ದೆ ಹತ್ತಲಿಲ್ಲ.

ನಮ್ಮನೆಯನ್ನು ಯಾರೂ ಮ್ಯೂಸಿಯಂ ಮಾಡಲ್ಲ, ಬಿಡು. ಕುಪ್ಪಳಿಯ ಆ ಮನೆಯಲ್ಲಿ ಕವಿ ಕುವೆಂಪು ಬೆಳೆದರು, ಅದಕ್ಕೆ ಅವರ ಹೆಸರಿನ ಪ್ರತಿಷ್ಠಾನ ನೋಡಿಕೊಳ್ಳುತ್ತಿದೆ. ನಮ್ಮಂಥವರ ತೊಟ್ಟಿಮನೆ ಹಿಸ್ಸೆ ಆಗಿ, ಹೆಂಚು ಇಳಿದು, ಕಂಬಗಳು ಯಾವುದೋ ರೆಸಾರ್ಟಿಗೆ ಹೋಗುತ್ತವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಾಳಾಗುತ್ತಿದ್ದ ಮನೆಗಳನ್ನು ಬಿಚ್ಚಿಸಿ ತಂದು ಮತ್ತೆ ಕಟ್ಟಿಸಿದರು, ಕುಕನೂರಿನ ಕಮಲ ಮಹಲ್ ಕೂಡ ಅಲ್ಲಿದೆ. ನೋಡಿ ಖುಷಿಯೂ ಆಯಿತು, ಸಂಕಟವೂ ಆಯಿತು. ಆ ಬಾಗಿಲಲ್ಲಿ ನಿಂತರೆ ಮೊದಲು ಯಾವ ಊರು ಕಾಣುತ್ತಿತ್ತೋ ಏನೋ.

ಖಾಲಿ ಅಂದೆಯಲ್ಲ. ನಾನು ಬಂದಾಗ ಇಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕೊಯ್ಲಿನ ದಿನಗಳಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿಯೋದು, ಕಣ್ಣು ಉರಿಸುವ ಹೊಗೆ, ಓರಗಿತ್ತಿಯರ ಮುನಿಸು. ಶಿವಮೊಗ್ಗದಲ್ಲಿ ಪುಟ್ಟದೊಂದು ಬಾಡಿಗೆ ಮನೆ ಮಾಡೋಣ ಅಂತ ನಿನ್ನ ದೊಡ್ಡಪ್ಪನ ತಲೆ ತಿನ್ನುತ್ತಿದ್ದೆ. ಈಗ ಕುಪ್ಪಳಿಯಲ್ಲಿ ಒರೆಸಿ ಇಟ್ಟ ಪಾತ್ರೆ ಪಗಡ ನೋಡಿ ಜನ 'ಎಷ್ಟು ಚೆಂದದ ಕಾಲ' ಅಂದರೆ ನಗು ಬರುತ್ತೆ. ಆದರೂ ನಮ್ಮ ಅತ್ತೆಯ ಹತ್ತಿರ ಕೂತು ಅವರ ತವರಿನ ಕಥೆ ಒಮ್ಮೆಯೂ ಕೇಳಲಿಲ್ಲ. ಅದು ಈಗ ಚುಚ್ಚುತ್ತೆ.

ಪುಟ್ಟಿಗೆ ಹೀಗೆ ಹೇಳು. ಆ ಮನೆಯ ಹುಡುಗ ಓದಲು ಮೈಸೂರಿಗೆ ಹೋದ, ಅಲ್ಲೇ 'ಉದಯರವಿ' ಅಂತ ಮನೆ ಕಟ್ಟಿಕೊಂಡ, 1994ರಲ್ಲಿ ತೀರಿಕೊಂಡ ಮೇಲೆ ಮನೆ ಹತ್ತಿರದ ಗುಡ್ಡ ಕವಿಶೈಲದ ಮಣ್ಣಿಗೇ ಬಂದ. ಮನೆ ಬಿಟ್ಟು ಹೋಗೋದು ನಿನ್ನಿಂದ ಶುರುವಾಗಿದ್ದಲ್ಲ ಮಗಳೇ. 2015ರಲ್ಲಿ ಕಳ್ಳರು ಕವಿಮನೆಯಿಂದ ಪದ್ಮ ಪ್ರಶಸ್ತಿಯ ಪದಕ ಒಯ್ದರು, ಆದರೆ ಕುವೆಂಪು ಅವರ ಮದುವೆ ಮಂಟಪ ಅಲ್ಲೇ ಇದೆ. ಅದನ್ನು ತೋರಿಸಿದೆಯಾ?

ಮತ್ತೆ ಹೋದರೆ ಬೋರ್ಡೆಲ್ಲ ಓದಿಸಬೇಡ, ಸುಮ್ನೆ ತೊಟ್ಟಿಯ ಹತ್ತಿರ ಬಿಡು. ಹೇಳೋಕೆ ನಾನ್ಯಾರು, ಆದರೂ. ಮಳೆಗಾಲದಲ್ಲಿ ಉಂಬಳ ಜಾಸ್ತಿ, ಉಪ್ಪು ಇಟ್ಟುಕೋ.

ಖಾಲಿ ಆಗುತ್ತೋ ಇಲ್ಲವೋ ನನಗೂ ಗೊತ್ತಿಲ್ಲ. ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು, ಆಳು ಸಿಗುತ್ತಿಲ್ಲ. ಅಳಿಯಂದಿರಿಗೆ ರಜೆ ಸಿಕ್ಕರೆ ಬೇಸಿಗೆಯಲ್ಲಿ ಎಲ್ಲರೂ ಬನ್ನಿ, ಪುಟ್ಟಿಯ ಶಾಲೆ ಮುಗಿಯುವ ದಿನ ತಿಳಿಸು.

ನಿನ್ನ ದೊಡ್ಡಮ್ಮ